ವಾಣಿ ವಿಲಾಸ ಸಾಗರದ ದೋಣಿಗೆ ಬೆಲ್ಟು ಕೂರಿಸಿಕೊಟ್ಟ ದಾವಣಗೆರೆಯ ವರ್ಕ್‌ಶಾಪ್

ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯಿಂದ ಒಳಕ್ಕೆ ಹೋಗುವ ಗಲ್ಲಿಯೊಂದರಲ್ಲಿ, ಭತ್ತ ಕೊಯ್ಯುವ ಯಂತ್ರಗಳ ಬಿಡಿಭಾಗಗಳ ರಾಶಿಯ ಹಿಂದೆ, ನಾಮಫಲಕದ ಬಣ್ಣವೂ ಮಾಸಿಹೋದ ಒಂದು ಡೀಸೆಲ್ ಎಂಜಿನ್ ವರ್ಕ್‌ಶಾಪ್ ಇದೆ. ಕಳೆದ ಶಿವರಾತ್ರಿಗೆ ಕೆಲವು ದಿನ ಮೊದಲು ಅಲ್ಲಿನ ಹಿರಿಯ ಫಿಟ್ಟರ್ ಒಬ್ಬರು ವಾಣಿ ವಿಲಾಸ ಸಾಗರಕ್ಕೆ ಬಂದು ನಮ್ಮ ದೋಣಿಯ ಎಂಜಿನ್ನಿಗೆ ಡ್ರೈವ್ ಬೆಲ್ಟನ್ನೂ ಅದನ್ನು ಬಿಗಿಯಾಗಿಡುವ ಟೆನ್ಷನರನ್ನೂ ಕಳಚಿ ಮರುಜೋಡಿಸಿಕೊಟ್ಟರು. ಆ ಕೆಲಸ ಹೇಗಿತ್ತು, ಎಲ್ಲಿ ಮೆಚ್ಚಿಗೆಯಾಯಿತು, ಎಲ್ಲಿ ಬೇಸರವಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ವರ್ಕ್‌ಶಾಪಿನ ಹೆಸರು ಬರೆಯಬಾರದೆಂದು ಮಾಲೀಕರೇ ಕೇಳಿಕೊಂಡಿದ್ದಾರೆ. ದೋಣಿಯವರು, ಪಂಪಿನವರು, ಬೋರ್‌ವೆಲ್ ಲಾರಿಯವರು ಎಲ್ಲ ಬಂದು ನಿಂತರೆ ಕೊಯ್ಲಿನ ಕಾಲದಲ್ಲಿ ರೈತರಿಗೆ ಏನೆಂದು ಉತ್ತರ ಕೊಡಲಿ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ ಆದ್ದರಿಂದ ಗಲ್ಲಿಯ ಗುರುತನ್ನೂ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ.

ಬಯಲುಸೀಮೆಯಲ್ಲಿ ಮೋಟಾರು ದೋಣಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಮೊದಲು ಹೇಳಿಬಿಡಬೇಕು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟು, ನಾವೆಲ್ಲ ಮಾರಿಕಣಿವೆ ಎಂದೇ ಕರೆಯುವ ಜಲಾಶಯ, 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ನೀರು ತಳ ಹಿಡಿದಿದ್ದ ವರ್ಷಗಳಲ್ಲಿ ತೆಪ್ಪವೊಂದಿದ್ದರೆ ಸಾಕಾಗುತ್ತಿತ್ತು. 130 ಅಡಿಯ ಮಟ್ಟಕ್ಕೆ ನೀರು ನಿಂತು ಹಿನ್ನೀರು ದೂರದೂರಕ್ಕೆ ಹರಡಿದ ಮೇಲೆ, ಒಳಗಿರುವ ತೆಪ್ಪಗಳಿಂದ ಮೀನು ಒಟ್ಟುಮಾಡಿ ದಡಕ್ಕೆ ತರುವುದೇ ಅರ್ಧ ದಿನದ ಕೆಲಸವಾಯಿತು. ಆಗ ನಾವು ನಾಲ್ವರು ಪಾಲುದಾರರು ಮಲ್ಪೆಯಿಂದ ಒಂದು ಹಳೆಯ ಫೈಬರ್ ದೋಣಿಯನ್ನು, ಒಳಗೇ ಕೂರಿಸಿದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಸಮೇತ, ಲಾರಿಯ ಮೇಲೆ ಹೊತ್ತು ತಂದೆವು.

ಈ ಎಂಜಿನ್ನಿನ ಮುಂಭಾಗದಲ್ಲಿ ಉದ್ದಕ್ಕೂ ಆರು ಏಣು, ಅಂದರೆ ಉಬ್ಬುಗೆರೆ, ಇರುವ ಒಂದೇ ಉದ್ದ ಬೆಲ್ಟು ಹಾವಿನಂತೆ ಸುತ್ತಿಕೊಂಡು ಹೋಗುತ್ತದೆ. ಕ್ರ್ಯಾಂಕ್ ಪುಲ್ಲಿಯಿಂದ ಹೊರಟು, ಎಂಜಿನ್ನಿನೊಳಗೆ ಅದನ್ನು ತಣಿಸುವ ಕೂಲೆಂಟ್ ದ್ರವ ಸುತ್ತಿಸುವ ಪಂಪನ್ನೂ ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರನ್ನೂ ತಿರುಗಿಸಿ, ಬೆನ್ನಿನ ಕಡೆಯಿಂದ ಬರಿದೇ ತಿರುಗುತ್ತ ದಾರಿ ತೋರುವ ಒಂದು ಐಡ್ಲರ್ ಪುಲ್ಲಿಯನ್ನು ಸವರಿಕೊಂಡು, ಟೆನ್ಷನರಿನ ಮೇಲೆ ಹಾಯ್ದು ಮರಳಿ ಕ್ರ್ಯಾಂಕಿಗೆ ಬರುತ್ತದೆ. ಹೊರಗಿನ ನೀರನ್ನು ಎಳೆಯುವ ಪಂಪು ನಮ್ಮ ಎಂಜಿನ್ನಿನಲ್ಲಿ ಗೇರಿನಿಂದ ಓಡುತ್ತದೆ, ಅದಕ್ಕೂ ಈ ಬೆಲ್ಟಿಗೂ ಸಂಬಂಧವಿಲ್ಲ. ಟೆನ್ಷನರ್ ಎಂದರೆ ಒಳಗೆ ಬಲವಾದ ಸ್ಪ್ರಿಂಗ್ ಸುತ್ತಿಟ್ಟ ಒಂದು ತೋಳು ಮತ್ತು ಅದರ ತುದಿಯಲ್ಲೊಂದು ಪುಲ್ಲಿ. ಬೆಲ್ಟು ಬಿಸಿಗೆ ಹಿಗ್ಗಿದರೂ ದಿನಗಳೆದಂತೆ ಸವೆದರೂ ತೋಳು ತಾನಾಗಿಯೇ ಒತ್ತಿ ಬಿಗಿಯನ್ನು ಕಾಯುತ್ತದೆ. ಹಳೆಯ ವಿ-ಬೆಲ್ಟಿನ ಕಾಲದಲ್ಲಿ ಆಲ್ಟರ್ನೇಟರನ್ನೇ ಸಬ್ಬಲಿನಿಂದ ಮೀಟಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಬೋಲ್ಟು ಬಿಗಿಯುತ್ತಿದ್ದ ಕೆಲಸವನ್ನು ಇಲ್ಲಿ ಸ್ಪ್ರಿಂಗು ಮಾಡುತ್ತದೆ. ಆದರೆ ಸ್ಪ್ರಿಂಗು ಬಿಗಿಯನ್ನು ಮಾತ್ರ ನೋಡಿಕೊಳ್ಳುತ್ತದೆ. ಟೆನ್ಷನರೇ ಓರೆಯಾಗಿ ಕೂತಿದ್ದರೆ ಅದು ಆ ಓರೆಯಲ್ಲೇ ಅಷ್ಟೇ ನಿಷ್ಠೆಯಿಂದ ಒತ್ತುತ್ತಿರುತ್ತದೆ.

ನಮಗೆ ಆದದ್ದೂ ಅದೇ. ಈ ಕೆಲಸಕ್ಕೆ ಎರಡು ತಿಂಗಳ ಮೊದಲು ಬೇರೊಂದು ಊರಿನ ಮೆಕ್ಯಾನಿಕ್ ಒಬ್ಬರು ಹಳೆಯ ಟೆನ್ಷನರನ್ನೂ ಬೆಲ್ಟನ್ನೂ ತೆಗೆದು ಹೊಸದು ಹಾಕಿದ್ದರು. ಮಾರನೆಯ ದಿನದಿಂದಲೇ ಗುಬ್ಬಿ ಮರಿಯಂತೆ ಚಿಂವ್ ಚಿಂವ್ ಎನ್ನುವ ಸದ್ದು ಶುರುವಾಯಿತು. ಹೊಸ ಬೆಲ್ಟಲ್ಲವೇ, ನಾಲ್ಕು ದಿನದಲ್ಲಿ ಒಗ್ಗುತ್ತದೆ ಎಂದು ಅವರು ಸಮಾಧಾನ ಹೇಳಿದರು, ನಾವೂ ನಂಬಿದೆವು. ನಂತರ ಬೆಲ್ಟಿನ ಅಂಚು ನೂಲುನೂಲಾಗಿ ಬಿಚ್ಚಿಕೊಂಡಿತು, ಎಂಜಿನ್ ಪೆಟ್ಟಿಗೆಯೊಳಗೆಲ್ಲ ಕಪ್ಪು ಪುಡಿ ಕೂತಿತು. ಒಂದು ಸಂಜೆ ದಡದಿಂದ ಬಹಳ ದೂರದಲ್ಲಿದ್ದಾಗ ಬೆಲ್ಟು ಹಾರಿ ಚಾರ್ಜಿನ ಕೆಂಪು ದೀಪ ಹೊತ್ತಿತು, ಎರಡೇ ನಿಮಿಷದಲ್ಲಿ ಉಷ್ಣತೆಯ ಮುಳ್ಳು ಮೇಲೇರತೊಡಗಿತು. ದೋಣಿ ನಡೆಸುತ್ತಿದ್ದ ನನ್ನ ದೊಡ್ಡಪ್ಪನ ಮಗ ಕೂಡಲೇ ಎಂಜಿನ್ ಆರಿಸಿದ್ದರಿಂದ ಸಿಲಿಂಡರ್ ಹೆಡ್ಡು ಉಳಿಯಿತು. ರಸ್ತೆಯ ಮೇಲಾಗಿದ್ದರೆ ಗಾಡಿಯನ್ನು ಬದಿಗೆ ಒತ್ತಿ ನಿಲ್ಲಿಸಬಹುದಿತ್ತು. ನೀರಿನ ಮೇಲೆ ಗಾಳಿ ತಳ್ಳಿದತ್ತ ಹೋಗುವುದೊಂದೇ ದಾರಿ. ಎರಡು ತೆಪ್ಪದವರು ಹಗ್ಗ ಕಟ್ಟಿ ಹುಟ್ಟು ಹಾಕುತ್ತ ನಮ್ಮನ್ನು ದಡಕ್ಕೆ ತಂದು ಮುಟ್ಟಿಸಿದಾಗ ಕತ್ತಲಾಗಿತ್ತು.

ದಾವಣಗೆರೆಯ ಈ ವರ್ಕ್‌ಶಾಪಿನ ಸುದ್ದಿ ಹೇಳಿದ್ದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿರುವ ಪರಿಚಿತರು. ಸಮುದ್ರದ ಮುಖ ಕಾಣದ ಊರಿನವರಿಗೆ ದೋಣಿಯ ಕೆಲಸ ಏನು ಗೊತ್ತು ಎಂಬ ಅನುಮಾನ ನನಗಿತ್ತು. ಆದರೆ ಹತ್ತಿ ಗಿರಣಿಗಳಿಂದ ಬೆಳೆದ ಊರು ಅದು. ಭದ್ರಾ ನಾಲೆಯ ಬಯಲಿನಲ್ಲಿ ಓಡಾಡುವ ಕೊಯ್ಲಿನ ಯಂತ್ರಗಳನ್ನು ತೆಗೆದುಕೊಂಡರೆ ಒಂದೊಂದರಲ್ಲೂ ಹತ್ತಾರು ಬೆಲ್ಟುಗಳು, ಅವಕ್ಕೆ ತಕ್ಕಷ್ಟು ಟೆನ್ಷನರುಗಳು. ಬೆಲ್ಟು ಯಾಕೆ ಹಾರಿತು ಎಂಬುದನ್ನು ಕಂಡುಹಿಡಿಯುವುದೇ ಅಲ್ಲಿನ ಫಿಟ್ಟರುಗಳ ದಿನದ ಕಸುಬು. ನಾನು ಫೋನು ಮಾಡಿದಾಗ ಆ ಹಿರಿಯ ಫಿಟ್ಟರ್ ಯಾವ ಕಂಪನಿಯ ಎಂಜಿನ್ ಎಂದು ಮೊದಲು ಕೇಳಲಿಲ್ಲ. ಬೆಲ್ಟು ಮುಂದಕ್ಕೆ ಬಿತ್ತೋ ಹಿಂದಕ್ಕೆ ಬಿತ್ತೋ, ಸದ್ದು ಗುಬ್ಬಿಯದೋ ಹಂದಿಯದೋ ಎಂದು ಕೇಳಿದರು. ನಗು ಬಂದರೂ ಪ್ರಶ್ನೆ ಕರಾರುವಾಕ್ಕಾಗಿತ್ತು. ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲದಿದ್ದರೆ ಬಿಡಿಬಿಡಿಯಾಗಿ ಚಿಂವ್ ಎನ್ನುತ್ತದೆ. ಬಿಗಿ ಸಾಲದೆ ಬೆಲ್ಟು ಜಾರಿದರೆ ಎಳೆದು ಕಿರುಚುತ್ತದೆ. ಇವೆರಡನ್ನು ಫೋನಿನಲ್ಲೇ ಬೇರ್ಪಡಿಸಿಕೊಂಡ ಮೇಲೆ ಪುಲ್ಲಿಗಳ ಫೋಟೋಗಳನ್ನು ನೇರ ಎದುರಿನಿಂದಲೂ ಪಕ್ಕದಿಂದಲೂ ಕಳಿಸಿ ಎಂದರು.

ಅವರು ಹಿರಿಯೂರಿನವರೆಗೆ ಬಸ್ಸಿನಲ್ಲಿ, ಒಂದು ರೆಕ್ಸಿನ್ ಚೀಲದಲ್ಲಿ ಸಾಮಾನು ತುಂಬಿಕೊಂಡು ಬಂದರು. ಅಲ್ಲಿಂದ ನಾವು ಕರೆದುಕೊಂಡು ಹೋದೆವು. ಬೆಳಿಗ್ಗೆ ಒಂಬತ್ತಕ್ಕೆ ಎಂದವರು ಹನ್ನೆರಡರ ಹೊತ್ತಿಗೆ ತಲುಪಿದರು, ಅದನ್ನು ನಾನು ದೂರಾಗಿಯೇ ದಾಖಲಿಸುತ್ತೇನೆ. ಕೆಲಸಕ್ಕೆ ಕೂತ ಮೇಲೆ ಅವಸರವೆಂಬುದೇ ಇರಲಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಕೀಲಿಯನ್ನು ತಮ್ಮ ಜೇಬಿಗೇ ಹಾಕಿಕೊಂಡರು. ಕೈ ಪುಲ್ಲಿಗಳ ನಡುವೆ ಇರುವಾಗ ಯಾರೋ ತಿಳಿಯದೆ ಸ್ಟಾರ್ಟ್ ಮಾಡಿ ಬೆರಳು ಕಳೆದುಕೊಂಡವರನ್ನು ಕಂಡಿದ್ದೇನೆ ಎಂದು ಅವರು ಹೇಳಿದ್ದು ಬೆದರಿಸಲಿಕ್ಕಲ್ಲವೆಂಬುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಬೆಲ್ಟು ಹಾಯುವ ದಾರಿಯನ್ನು ಎಂಜಿನ್ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದರು. ಆರು ಏಣಿನ ಮುಖ ಯಾವ ಪುಲ್ಲಿಗೆ ತಾಗಬೇಕು, ನುಣುಪಾದ ಬೆನ್ನು ಯಾವುದಕ್ಕೆ ತಾಗಬೇಕು ಎಂಬುದನ್ನು ಬಾಣದ ಗುರುತು ಹಾಕಿ ತೋರಿಸಿದರು. ಒಂದು ಸುತ್ತು ತಪ್ಪಿದರೂ ಕೂಲೆಂಟ್ ಪಂಪು ಹಿಮ್ಮುಖವಾಗಿ ತಿರುಗಬಹುದು. ಬೆಲ್ಟು ಓಡುತ್ತಿರುತ್ತದೆ, ಎಂಜಿನ್ ಬಿಸಿಯಾಗುತ್ತಿರುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ಆ ಚಿತ್ರವನ್ನು ನಾನು ಮೇಲೆ ಬಣ್ಣ ಎಳೆದು ಶಾಶ್ವತ ಮಾಡಿದ್ದೇನೆ.

ಉಳಿದಿದ್ದ ಹರಕು ಬೆಲ್ಟನ್ನು ಮತ್ತೆ ಏರಿಸಿ ಪರೀಕ್ಷಿಸಿ ನೋಡಿ, ಟೆನ್ಷನರಿನ ತೋಳಿನಲ್ಲಿರುವ ಅರ್ಧ ಇಂಚಿನ ಚೌಕ ತೂತಿಗೆ ಉದ್ದ ಹಿಡಿಯ ಸರಳು ತೂರಿಸಿ, ತೋಳನ್ನು ಮೆಲ್ಲಗೆ ಎಳೆದು ಬೆಲ್ಟನ್ನು ಕಳಚಿದರು. ಕಳಚಿದ ಮೇಲೂ ತೋಳನ್ನು ಒಮ್ಮೆಲೇ ಬಿಡದೆ, ಮಗುವನ್ನು ತೊಟ್ಟಿಲಿಗಿಳಿಸುವಷ್ಟು ನಿಧಾನವಾಗಿ ಇಳಿಸಿದರು. ಫಟ್ಟನೆ ಬಿಟ್ಟರೆ ಒಳಗಿನ ತಡೆಯ ತುಂಡು ಒಡೆದು ಹೊಸ ಟೆನ್ಷನರೇ ಹಾಳಾಗುತ್ತದಂತೆ. ಮೊದಲ ಮೆಕ್ಯಾನಿಕ್ ಇದೇ ಕೆಲಸಕ್ಕೆ ಸ್ಕ್ರೂ ಡ್ರೈವರಿನಿಂದ ಬೆಲ್ಟನ್ನೇ ಮೀಟಿ ಏರಿಸಿದ್ದನ್ನು ನಾನು ನೋಡಿದ್ದೆ. ಹಾಗೆ ಮೀಟುವಾಗ ಒಳಗಿನ ನೂಲು ತುಂಡಾಗಿದ್ದರೆ ಹೊರಗೆ ಏನೂ ಕಾಣುವುದಿಲ್ಲ.

ನಂತರ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಕಿವಿಗೊಟ್ಟು ಕೇಳಿದರು. ಐಡ್ಲರಿನ ಬೇರಿಂಗ್ ಮರಳು ಅರೆದಂತೆ ಸದ್ದು ಮಾಡಿತು. ಮಲ್ಪೆಯ ಉಪ್ಪುಗಾಳಿ ತಿಂದಿದ್ದ ಕ್ರ್ಯಾಂಕ್ ಪುಲ್ಲಿಯ ಗ್ರೂವುಗಳಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಮರಳು ಕಾಗದದ ಮೇಲೆ ಓಡಿಸಿದರೆ ಯಾವ ಬೆಲ್ಟು ತಾನೇ ಬಾಳೀತು ಎಂದು, ತಂತಿ ಬ್ರಷ್ಷು ಹಿಡಿದು ಅರ್ಧ ಗಂಟೆ ಉಜ್ಜಿದರು. ಇದೆಲ್ಲ ಆದ ಮೇಲೆ ಟೆನ್ಷನರಿನ ನಡುವಿನ ಬೋಲ್ಟು ಬಿಚ್ಚಿ ಅದನ್ನು ಕೈಗೆ ತೆಗೆದುಕೊಂಡು ಹಿಂದು ಮುಂದು ತಿರುಗಿಸಿ ನೋಡಿದವರೇ, "ಸಾರ್, ಬೆಲ್ಟಿನ ತಪ್ಪಿಲ್ಲ, ಇದು ಕೂತೇ ಇಲ್ಲ" ಎಂದರು.

ಟೆನ್ಷನರಿನ ಹಿಂಬದಿಯಲ್ಲಿ, ಬೋಲ್ಟಿನ ತೂತಿನಿಂದ ಸ್ವಲ್ಪ ದೂರದಲ್ಲಿ, ಕಿರುಬೆರಳ ತುದಿಗಿಂತ ಚಿಕ್ಕದಾದ ಒಂದು ಪಿನ್ನು ಚಾಚಿಕೊಂಡಿರುತ್ತದೆ. ಎಂಜಿನ್ನಿನ ಬ್ರ್ಯಾಕೆಟ್ಟಿನಲ್ಲಿ ಅದಕ್ಕಾಗಿಯೇ ಒಂದು ತೂತು ಇರುತ್ತದೆ. ಪಿನ್ನು ತೂತಿನೊಳಗೆ ಇಳಿದರೆ ಟೆನ್ಷನರಿನ ಬೆನ್ನು ಬ್ರ್ಯಾಕೆಟ್ಟಿಗೆ ಸಪಾಟಾಗಿ ಅಂಟುತ್ತದೆ, ಸ್ಪ್ರಿಂಗಿನ ತಿರುಚು ಬಲಕ್ಕೆ ಇಡೀ ದೇಹ ತಿರುಗದಂತೆಯೂ ತಡೆಯುತ್ತದೆ. ನಮ್ಮದರಲ್ಲಿ ಆ ಪಿನ್ನು ತೂತಿನ ಪಕ್ಕದ ಅಲ್ಯೂಮಿನಿಯಂ ಮೇಲೆ ಕೂತಿತ್ತು, ಹಾಗೆಯೇ ಬೋಲ್ಟು ಬಿಗಿಯಲಾಗಿತ್ತು. ಪಿನ್ನು ಒತ್ತಿದ ಗುಳಿ ಬ್ರ್ಯಾಕೆಟ್ಟಿನ ಮೇಲೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ಹೊರಗಿನಿಂದ ನೋಡಿದರೆ ಬೋಲ್ಟು ಬಿಗಿ, ಬೆಲ್ಟು ಬಿಗಿ, ಎಲ್ಲ ಸರಿ. ಒಳಗೆ ಪಿನ್ನಿನ ಎತ್ತರದಷ್ಟು ಒಂದು ಬದಿ ಎದ್ದು ನಿಂತು ಪುಲ್ಲಿ ಓರೆಯಾಗಿತ್ತು, ಓರೆಯಾದ ಪುಲ್ಲಿ ಪ್ರತಿ ಸುತ್ತಿನಲ್ಲೂ ಬೆಲ್ಟನ್ನು ಕೂದಲೆಳೆಯಷ್ಟು ಪಕ್ಕಕ್ಕೆ ನೂಕುತ್ತಿತ್ತು. ಎರಡು ತಿಂಗಳ ಚಿಂವ್ ಚಿಂವ್ ಸದ್ದಿನ ಮೂಲ ಇಷ್ಟೇ.

ನನ್ನ ಮೆಚ್ಚಿಗೆಯ ಬಹುಪಾಲು ಸಲ್ಲಬೇಕಾದದ್ದು ಇದಾದ ಮುಂದಿನ ಹತ್ತು ನಿಮಿಷಗಳಿಗೆ. ಹೊಸ ಟೆನ್ಷನರ್ ಹಾಕಬೇಕು ಎಂದು ಅವರು ಹೇಳಿದ್ದರೆ ನಾನು ಎದುರು ಮಾತಾಡದೆ ಐದು ಸಾವಿರ ರೂಪಾಯಿ ಕೊಡುತ್ತಿದ್ದೆ. ಅವರು ಅದನ್ನೇ ಹಿಡಿದು ತೋಳನ್ನು ಪೂರ್ತಿ ಎಳೆದು ಮೆಲ್ಲಗೆ ಬಿಟ್ಟು ಅದು ಎಲ್ಲೂ ತಡವರಿಸದೆ ಮರಳುತ್ತದೆಯೇ ಎಂದು ನೋಡಿದರು, ಪುಲ್ಲಿಯನ್ನು ಅಲುಗಿಸಿ ಬೇರಿಂಗಿನ ಸಡಿಲು ನೋಡಿದರು, ಪಿನ್ನು ಬಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ಬ್ರ್ಯಾಕೆಟ್ಟಿನ ಗುಳಿಯ ಸುತ್ತ ಎದ್ದಿದ್ದ ಅಂಚನ್ನು ಅರದಿಂದ ತೀಡಿ ಸಮ ಮಾಡಿದರು. ಆಮೇಲೆ ಬೋಲ್ಟು ಹಾಕುವ ಮುನ್ನವೇ ಟೆನ್ಷನರನ್ನು ಬರಿಗೈಯಲ್ಲಿ ಒತ್ತಿ ಹಿಡಿದು, ನನ್ನ ಬೆರಳನ್ನು ಸಂದಿಗೆ ಹಚ್ಚಿಸಿ, ಉಗುರೂ ಹೋಗುವುದಿಲ್ಲವೆಂದು ತೋರಿಸಿದರು. ಬೋಲ್ಟಿನ ಬಲದಿಂದ ಪಿನ್ನನ್ನು ತೂತಿಗೆ ಎಳೆಯಬಾರದು. ಪಿನ್ನು ಕೂತ ಮೇಲೆ ಬೋಲ್ಟು ಬಿಗಿಯಬೇಕು. ದೋಣಿ ಇಟ್ಟುಕೊಂಡವರು ಯಾರಿಂದ ಕೆಲಸ ಮಾಡಿಸಿದರೂ ಈ ಒಂದು ಕ್ಷಣದಲ್ಲಿ ಪಕ್ಕದಲ್ಲಿ ನಿಂತಿರುವುದು ಒಳ್ಳೆಯದು.

ಅಷ್ಟಕ್ಕೇ ಅವರು ಬಿಡಲಿಲ್ಲ. ನೇರವಾದ ತೆಳು ಸರಳೊಂದನ್ನು ಕ್ರ್ಯಾಂಕ್ ಪುಲ್ಲಿಯ ಗ್ರೂವಿಗೆ ಆನಿಸಿ ಉಳಿದ ಪುಲ್ಲಿಗಳತ್ತ ಹಿಡಿದು ನೋಡಿದಾಗ, ಹಿಂದಿನ ಮಾಲೀಕರ ಕಾಲದಲ್ಲೇ ಬದಲಾಗಿದ್ದ ಆಲ್ಟರ್ನೇಟರ್ ಎರಡೂವರೆ ಮಿಲಿಮೀಟರ್ ಹಿಂದಕ್ಕಿದ್ದದ್ದು ಕಂಡಿತು. ಪುಲ್ಲಿಯ ಹೊರಮುಖಕ್ಕೆ ಸರಳು ಹಚ್ಚಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಏಕೆಂದರೆ ಬೇರೆ ಬೇರೆ ಕಂಪನಿಯ ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇರುತ್ತದೆ. ಇದಕ್ಕೆ ಎರಡು ಉಕ್ಕಿನ ಬಿಲ್ಲೆಗಳು ಬೇಕಾದವು. ಅವನ್ನು ಅಳತೆ ಬರೆದುಕೊಂಡು ಹೋಗಿ ಹರಿಹರದ ಲೇಥಿನಲ್ಲಿ ತಿರುಗಿಸಿ ಮೂರನೆಯ ದಿನ ತಂದರು. 1941ರಿಂದ ಮೈಸೂರು ಕಿರ್ಲೋಸ್ಕರ್ ಲೇಥು ಯಂತ್ರಗಳನ್ನೇ ತಯಾರಿಸುತ್ತಿದ್ದ ಊರು ಹರಿಹರ. ಕಾರ್ಖಾನೆ ಮುಚ್ಚಿದ ಮೇಲೂ ನೂಲಿನಷ್ಟು ಅಳತೆ ಹಿಡಿಯುವ ಕೈಗಳು ಅಲ್ಲಿ ಉಳಿದಿವೆ ಎಂಬುದಕ್ಕೆ ಆ ಎರಡು ಬಿಲ್ಲೆಗಳು ಸಾಕ್ಷಿ.

ಅದೇ ಸಂದರ್ಭದಲ್ಲಿ ಹಳೆಯ ಕಾರಿನ ಆಲ್ಟರ್ನೇಟರೊಂದನ್ನು ಅಗ್ಗಕ್ಕೆ ಹಾಕಿಕೊಡಬಲ್ಲೆ ಎಂದೂ ಅವರು ಹೇಳಿದರು. ಡೀಸೆಲ್ ದೋಣಿಗೆ ಅದು ನಡೆದೀತು. ಪೆಟ್ರೋಲ್ ಎಂಜಿನ್ನಿನ ದೋಣಿಯವರು ಇಂಥ ಮಾತಿಗೆ ಒಪ್ಪಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲೇ ನಿಲ್ಲುತ್ತದೆ, ಕಾರಿನ ಆಲ್ಟರ್ನೇಟರಿಗೆ ಕಿಡಿ ಹೊರಬರದಂತೆ ತಡೆಯುವ ರಕ್ಷಣೆ ಇರುವುದಿಲ್ಲ. ಈ ವ್ಯತ್ಯಾಸ ಅವರಿಗೆ ತಿಳಿದಿರಲಿಲ್ಲ. ಹೇಳಿದಾಗ ತಲೆದೂಗಿ ಕೇಳಿಕೊಂಡರು.

ಬೆಲ್ಟಿನ ವಿಷಯದಲ್ಲಿ ಒಂದು ಸುತ್ತು ಅಲೆದಾಟವಾಯಿತು. ಇಂಥ ಬೆಲ್ಟಿನ ಮೇಲೆ 6ಪಿಕೆ ಎಂದು ಬರೆದು ಮುಂದೆ ಮೂರು ಇಲ್ಲವೇ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. 6 ಎಂದರೆ ಏಣುಗಳ ಎಣಿಕೆ, ಪಿಕೆ ಎಂದರೆ ಏಣಿನ ಆಕಾರದ ಮಾನಕ, ಮುಂದಿನದು ಮಿಲಿಮೀಟರಿನಲ್ಲಿ ಉದ್ದ. ನಮ್ಮ ಬೆಲ್ಟಿನ ಅಂಕಿ ಅಳಿಸಿಹೋಗಿದ್ದರಿಂದ, ತೋಳನ್ನು ನಡುಮಟ್ಟದಲ್ಲಿ ನಿಲ್ಲಿಸಿ ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದರು. ಬಿಡಿಭಾಗದ ಅಂಗಡಿಯವರು ಹದಿನೈದು ಮಿಲಿಮೀಟರ್ ಉದ್ದದ್ದನ್ನು ಕೊಟ್ಟು, ಟೆನ್ಷನರ್ ಇರುವುದೇ ಅದಕ್ಕಲ್ಲವೇ ಎಂದಿದ್ದರು. ಹಾಕಿ ನೋಡಿದಾಗ ತೋಳಿನ ಗುರುತು, ದೇಹದ ಮೇಲಿನ ಎರಡು ಗೆರೆಗಳ ನಡುವೆ ನಿಲ್ಲುವ ಬದಲು ಕೊನೆಯ ಗೆರೆಯ ಹತ್ತಿರವೇ ನಿಂತಿತು. ಅಲ್ಲಿಂದ ಬೆಲ್ಟು ಇನ್ನಷ್ಟು ಹಿಗ್ಗಿದರೆ ಒತ್ತಲು ತೋಳಿಗೆ ಜಾಗವೇ ಉಳಿಯುವುದಿಲ್ಲ. ಫಿಟ್ಟರ್ ಅದನ್ನು ಕಳಚಿ ಹಿಂದಿರುಗಿಸಿ ಸರಿಯಾದ ಉದ್ದದ್ದನ್ನೇ ತಂದರು, ನಮ್ಮಿಂದ ಹೆಚ್ಚಿಗೆ ಕೇಳಲಿಲ್ಲ. ಈಗಿನ ಇಪಿಡಿಎಂ ಎಂಬ ಕೃತಕ ರಬ್ಬರಿನ ಬೆಲ್ಟುಗಳು ಹಳೆಯವುಗಳಂತೆ ಬಿರುಕು ಬಿಡದೆ ಒಳಗೊಳಗೇ ಸವೆಯುತ್ತವೆ. ಬಿರುಕಿಲ್ಲವೆಂದು ನಿಶ್ಚಿಂತರಾಗದೆ ಏಣಿನ ಆಳ ನೋಡಬೇಕೆಂದು ಅವರು ಹೇಳಿದ್ದು ನನಗೆ ಹೊಸ ಮಾಹಿತಿ.

ಕೈಯ ಎಣ್ಣೆಯನ್ನು ಚೆನ್ನಾಗಿ ಒರೆಸಿಕೊಂಡು ಬೆಲ್ಟನ್ನು ಏರಿಸಿದ ಮೇಲೆ, ಪ್ರತಿ ಪುಲ್ಲಿಯಲ್ಲೂ ಆರಕ್ಕೆ ಆರು ಏಣೂ ಗ್ರೂವಿನಲ್ಲಿವೆಯೇ ಎಂದು ಟಾರ್ಚು ಹಿಡಿದು ಬೆರಳಾಡಿಸಿ ನೋಡಿದರು. ಎಂಜಿನ್ನನ್ನು ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದರು. ಸ್ಟಾರ್ಟ್ ಮಾಡಿದ ಮೇಲೆ ಶೀಶೆಯಿಂದ ಬೆಲ್ಟಿನ ಏಣಿನ ಕಡೆಗೆ ಸ್ವಲ್ಪ ನೀರು ಚಿಮುಕಿಸಿದರು. ಒದ್ದೆಯಾದೊಡನೆ ಸದ್ದು ನಿಂತು ಮತ್ತೆ ಬಂದರೆ ಗೆರೆ ತಪ್ಪಿದೆಯೆಂದೂ, ನೀರು ಬಿದ್ದೊಡನೆ ಸದ್ದು ಹೆಚ್ಚಿದರೆ ಬಿಗಿ ಸಾಲದೆಂದೂ ಅರ್ಥ. ನಮ್ಮದರಲ್ಲಿ ಒಣಗಿದಾಗಲೂ ಒದ್ದೆಯಾದಾಗಲೂ ಡೀಸೆಲ್ ಎಂಜಿನ್ನಿನ ಸದ್ದಲ್ಲದೆ ಬೇರೇನೂ ಕೇಳಲಿಲ್ಲ.

ಇನ್ನು ಕೊರತೆಗಳು. ಬೋಲ್ಟನ್ನು ನಿಗದಿತ ಬಲದಷ್ಟೇ ಬಿಗಿಯಲು ಬೇಕಾದ ಟಾರ್ಕ್ ರೆಂಚ್ ಅವರ ಚೀಲದಲ್ಲಿ ಇರಲಿಲ್ಲ. ಟೆನ್ಷನರಿನ ಬೋಲ್ಟನ್ನು ಕೈಯ ಅಂದಾಜಿನಲ್ಲೇ ಬಿಗಿದರು. ಅವರ ಕೈಗೆ ಮೂವತ್ತು ವರ್ಷದ ಪಳಗಿಕೆ ಇರಬಹುದು, ಆದರೆ ಆ ಬೋಲ್ಟು ಹೋಗುವುದು ಅಲ್ಯೂಮಿನಿಯಂನಲ್ಲಿ ಕೊರೆದ ತಿರುಪಿನ ಮರೆಗೆ, ಒಮ್ಮೆ ಮರೆ ಕಿತ್ತುಬಂದರೆ ಬ್ರ್ಯಾಕೆಟ್ಟನ್ನೇ ಬದಲಿಸಬೇಕಾಗುತ್ತದೆ. ಎರಡನೆಯ ಭೇಟಿಯಲ್ಲಿ ನಾನೇ ಚಿತ್ರದುರ್ಗದ ಗೆಳೆಯರೊಬ್ಬರಿಂದ ರೆಂಚ್ ತಂದು ಕೈಪಿಡಿಯ ಅಳತೆಗೆ ಬಿಗಿಸಿದೆ. ಅವರು ಬೇಸರಿಸಲಿಲ್ಲ, ಉತ್ಸಾಹವನ್ನೂ ತೋರಿಸಲಿಲ್ಲ. ಉಜ್ಜಿದ ತುಕ್ಕು, ಬೆಲ್ಟಿನ ಪುಡಿ, ಹಳೆಯ ನೂಲು ಎಲ್ಲ ದೋಣಿಯ ತಳದ ನೀರಿನಲ್ಲೇ ಉಳಿದವು. ತಳದ ನೀರೆತ್ತುವ ಪಂಪಿನ ಜಾಲರಿಗೆ ಅವು ಸಿಕ್ಕಿಕೊಳ್ಳುತ್ತವೆ ಎಂಬ ಯೋಚನೆ ನೆಲದ ಮೇಲಿನ ಯಂತ್ರ ರಿಪೇರಿ ಮಾಡುವವರಿಗೆ ಸಹಜವಾಗಿ ಬರುವುದಿಲ್ಲ. ಬಿಲ್ಲನ್ನು ಕೇಳಿದಾಗ ಸಿಗರೇಟು ಪ್ಯಾಕಿನ ಒಳಹಾಳೆಯ ಮೇಲೆ ಬರೆದುಕೊಟ್ಟರು. ನಾಲ್ವರು ಪಾಲುದಾರರಿಗೆ ಲೆಕ್ಕ ಒಪ್ಪಿಸಬೇಕಾದ ನನಗೆ ಅದು ನಗುವ ವಿಷಯವಾಗಿರಲಿಲ್ಲ.

ಆ ಹಾಳೆಯ ಪ್ರಕಾರ ಬೆಲ್ಟಿಗೆ 1,150 ರೂಪಾಯಿ, ಐಡ್ಲರಿಗೆ 900, ಲೇಥಿನ ಬಿಲ್ಲೆಗಳಿಗೆ 400, ಎರಡು ದಿನದ ಕೂಲಿ 3,000, ಎರಡು ಸಲದ ಓಡಾಟಕ್ಕೆ 1,200, ಒಟ್ಟು 6,650. ಮೊದಲ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿಯೂ ಸೇರಿ ನಾವು ಕೊಟ್ಟಿದ್ದು ಇದಕ್ಕಿಂತ ಹೆಚ್ಚು.

ಈಗ ಎಂಜಿನ್ ಐವತ್ತು ಗಂಟೆಗೂ ಹೆಚ್ಚು ಓಡಿದೆ. ಟೆನ್ಷನರಿನ ಗುರುತು ಹಾಕಿದ ದಿನ ಇದ್ದಲ್ಲಿಂದ ಕೂದಲೆಳೆಯಷ್ಟು ಸರಿದು, ಎರಡು ಗೆರೆಗಳ ನಡುವೆಯೇ ಇದೆ; ಪೆಟ್ಟಿಗೆಯಲ್ಲಿ ಕಪ್ಪು ಪುಡಿ ಬಿದ್ದಿಲ್ಲ. ಅದೇ ಉದ್ದದ ಇನ್ನೊಂದು ಬೆಲ್ಟನ್ನೂ ಅರ್ಧ ಇಂಚಿನ ಸರಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮುಚ್ಚಳದ ಕೆಳಗೆ, ಸೀಮೆಸುಣ್ಣದ ಚಿತ್ರದ ಪಕ್ಕದಲ್ಲಿ ಕಟ್ಟಿಟ್ಟಿದ್ದೇವೆ. ಅವರ ಸೇವೆ ಬೇಕೆನ್ನುವವರು ಏಪ್ರಿಲ್ ಮೇ ತಿಂಗಳ ಭತ್ತದ ಕೊಯ್ಲನ್ನೂ, ನವೆಂಬರ್ ಡಿಸೆಂಬರ್ ಕೊಯ್ಲನ್ನೂ ಬಿಟ್ಟು ಕೇಳಬೇಕು. ಆ ದಿನಗಳಲ್ಲಿ ಅವರು ಫೋನನ್ನೇ ಎತ್ತುವುದಿಲ್ಲ.